ಕುದುರೆ ಟ್ರಾಮಿನ ಕೊನೆಯ ದಿನ

ಜರ್ಮನಿಯ ನಮ್ಮ ಡೋಬೆಲ್ನ್ ಊರಿನಲ್ಲಿ ಕುದುರೆ ಟ್ರಾಮು ನಿಂತುಹೋದ ದಿನ, ರೈಲ್ವೆ ಸ್ಟೇಷನ್ನಿನ ಮುಂದೆ ಸೇರಿದ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಮರುದಿನದಿಂದ ಬಸ್ಸು. ಇಪ್ಪತ್ತೆಂಟು ವರ್ಷ ಲಗಾಮು ಹಿಡಿದಿದ್ದ ಆಲ್ವಿನ್ ಮಾತ್ರ ಇಳಿದವನೇ ಉಸ್ಸೆಂದು ಉಸಿರು ಬಿಟ್ಟು ನಕ್ಕುಬಿಟ್ಟ. ಅದೇ ಗಾಡಿಯ ಕಂಡಕ್ಟರನಾದ ನನಗೆ ಸಿಟ್ಟು ಬಂತು.

“ಊರೆಲ್ಲ ಅಳ್ತಿದೆ, ನಿನಗೇನೋ ನಗು?”

ಅವನು ನನ್ನ ಕಿವಿಯ ಹತ್ತಿರ ಬಾಗಿದ. “ಓಟೋ, ಮೂರು ವರ್ಷದಿಂದ ನನ್ನ ಕಣ್ಣು ಮಂಜು ಮಾರಾಯ. ಹತ್ತು ಹೆಜ್ಜೆ ಆಚೆ ಏನೂ ಕಾಣಲ್ಲ. ಗಾಡಿ ನಡೆಸಿದ್ದೆಲ್ಲ ಈ ಕುದುರೇನೇ. ಯಾರಿಗೆ ಗುದ್ದಿಬಿಡ್ತೀನೋ ಅಂತ ದಿನಾ ಜೀವ ಕೈಲಿ ಹಿಡ್ಕೊಂಡಿದ್ದೆ. ಯಾರಿಗೂ ಏನೂ ಆಗ್ಲಿಲ್ಲ. ಮುಗೀತಲ್ಲ!”

“ನಂಗೊತ್ತಿತ್ತು ಕಣೋ,” ಅಂದೆ. “ಹೋದ ವರ್ಷ ನನ್ನ ಹೆಂಡ್ತೀನೇ ಪಾದ್ರಿ ಅಂದ್ಕೊಂಡು ಟೋಪಿ ತೆಗೆದು ನಮಸ್ಕಾರ ಮಾಡಿದ್ಯಲ್ಲ! ಆವತ್ತಿಂದ ತಿರುವು ಬಂದಾಗೆಲ್ಲ ನಾನೇ ಮುಂದೆ ಬಂದು ದಾರಿ ನೋಡ್ತಿದ್ದೆ.”

“ಥೂ ನಿನ್ನ! ನೀನು ಮುಂದೆ ಬರೋದು ನನ್ನ ತಂಬಾಕಿಗೆ ಅಂದ್ಕೊಂಡಿದ್ದೆ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವನು ಕುದುರೆಯನ್ನು ಬಿಚ್ಚಿ, ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಲಾಯದ ಕಡೆ ಹೊರಟ. ಮೂರು ವರ್ಷದಲ್ಲಿ ಅವನ ಹೆಗಲು ಅಷ್ಟು ಹಗುರವಾಗಿದ್ದನ್ನು ನಾನು ನೋಡಿರಲಿಲ್ಲ.