ಮೆಟ್ಟಿಲ ಕೆಳಗಿನ ತಟ್ಟೆ

ಟ್ರೇಲರಿನ ಬಾಗಿಲು ತೆರೆದ ಕೂಡಲೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಫಿನಾಯಿಲು, ಅದರ ಮೇಲೆ ಮಲ್ಲಿಗೆ ಪರಿಮಳದ ಸ್ಪ್ರೇ, ಎರಡರ ಅಡಿಯಲ್ಲಿ ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಕಕ್ಕಸಿನ ನಾತ. ಬಚ್ಚಲ ಜಾಲರಿಯಲ್ಲಿ ಯಾರದೋ ಉದ್ದನೆಯ ಕೂದಲು. ಹಾಸಿಗೆಯ ಮೇಲೆ ಚಿಪ್ಸಿನ ಪುಡಿ. ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆದುಕೊಂಡು ಹೋಗುವ ಈ ಟ್ರೇಲರಿನಲ್ಲಿ ಮಂಚ, ಒಲೆ, ಸಿಂಕು ಎಲ್ಲ ಇವೆಯಂತೆ. ಕಕ್ಕಸಿನ ಡಬ್ಬಿ ತುಂಬಿದರೆ ನಾವೇ ಹೊರಗೆಳೆದು ಚೆಲ್ಲಬೇಕಂತೆ. ಎಲ್ಲಿ ಚೆಲ್ಲಬೇಕು ಎಂದು ಕೇಳಿದರೆ, ಅದನ್ನು ತಂದುಬಿಟ್ಟವನು ಆಕಾಶ ನೋಡಿದ.

"ಸೂಪರ್ ಆಗಿದೆ ಅಲ್ವಾ ಗೌತಮಿ?" ಎಂದ ಸಿದ್ಧಲಿಂಗೇಶ, ಫೋನು ಎತ್ತಿ ಹಿಡಿದು ವಿಡಿಯೊ ಮಾಡಿಕೊಳ್ಳುತ್ತ. ಇವನು ನನ್ನ ಗಂಡ. ಮೊನ್ನೆಯವರೆಗೆ ನಾನು ಇವನನ್ನು ‘ನಮ್ಮ ಯಜಮಾನರು’ ಎಂದೇ ಹೇಳುತ್ತಿದ್ದೆ. ಈಗ ಬಾಯಿ ಬರುವುದಿಲ್ಲ.

ಈ ದರಿದ್ರ ಪ್ರವಾಸಕ್ಕೆ ನಾನು ಒಪ್ಪಿದ್ದು ಬೂಂದಿಗಾಗಿ. ಬೂಂದಿ ನಮ್ಮ ನಾಯಿ. ಹಲಸೂರು ಕೆರೆಯ ಬೇಲಿಯ ಹತ್ತಿರ ಮಳೆಯಲ್ಲಿ ನಡುಗುತ್ತಿದ್ದ ಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ತಂದವಳು ನಾನೇ. ಮೈತುಂಬ ಹಳದಿ ಚುಕ್ಕೆ, ಅದಕ್ಕೇ ಬೂಂದಿ. ಮಕ್ಕಳಿಲ್ಲದ ಮನೆಯಲ್ಲಿ ಆಫೀಸಿನಿಂದ ಬಂದವಳನ್ನು ಕುಣಿದು ಕರೆದುಕೊಳ್ಳುವ ಜೀವ ಅದೊಂದೇ. ಈಗ ಅದರ ಜಾಗಕ್ಕೇ ಸಂಚಕಾರ ಬಂದಿತ್ತು. ದೀಪಾವಳಿಯೊಳಗೆ ನಾಯಿಯನ್ನು ಸಾಗಹಾಕದಿದ್ದರೆ ಮನೆ ಖಾಲಿ ಮಾಡಿ ಎಂದು ಬಾಣಸವಾಡಿಯ ನಮ್ಮ ಮನೆ ಓನರ್ ಮುನಿರಾಜಪ್ಪ ಕಡ್ಡಿ ಮುರಿದಂತೆ ಹೇಳಿದ್ದಾನೆಂದು ಸಿದ್ಧಲಿಂಗೇಶ ಒಂದು ರಾತ್ರಿ ಊಟದ ಹೊತ್ತಿಗೆ ತಿಳಿಸಿದ.

"ಬೇರೆ ಮನೆ ನೋಡೋಣ ಬಿಡು. ಮೊದ್ಲು ಮೂರೂ ಜನ ಕೋಲಾರದ ಕಡೆ ಕೆರೆ ದಂಡೇಲಿ ಎರಡು ದಿನ ಹಾಯಾಗಿದ್ದು ಬರೋಣ" ಎಂದೂ ಅಂದ. ಮೂರೂ ಜನ ಎಂದದ್ದಕ್ಕೆ ನನ್ನ ಕಣ್ಣು ತುಂಬಿ ಬಂದಿತ್ತು, ಥೂ.

ಮುನಿರಾಜಪ್ಪನ ಮೇಲೆ ನನಗೆ ಮೊದಲಿಂದಲೂ ಅಸಹ್ಯವೇ. ಬೆಳಗಾದರೆ ಅಂಗಳದ ನಲ್ಲಿಯ ಹತ್ತಿರ ಕರುಳು ಕಿತ್ತು ಬರುವಂತೆ ಕ್ಯಾಕರಿಸುತ್ತಾನೆ. ಎಲೆಅಡಿಕೆ ಜಗಿದು ಕಾಂಪೌಂಡಿಗೆ ಉಗಿಯುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ ಆ ತಟ್ಟೆ. ನಾವು ಮಹಡಿಗೆ ಹತ್ತುವ ಮೆಟ್ಟಿಲ ಕೆಳಗೆ ಒಂದು ಸೊಟ್ಟ ಅಲ್ಯುಮಿನಿಯಂ ತಟ್ಟೆ ಸದಾ ಬಿದ್ದಿರುತ್ತಿತ್ತು. ಅದರಲ್ಲಿ ಚೀಪಿ ಬಿಸಾಡಿದ ಮೂಳೆ, ಹೆಪ್ಪುಗಟ್ಟಿದ ಸಾರು, ಮುತ್ತಿದ ನೊಣ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ದಿನಾ ಉಸಿರು ಬಿಗಿಹಿಡಿದು ಆ ಮೆಟ್ಟಿಲು ಹತ್ತುತ್ತಿದ್ದೆ. ತಿಂದ ತಟ್ಟೆಯನ್ನು ತೊಳೆದಿಡುವಷ್ಟೂ ಆಗುವುದಿಲ್ಲವೇ ಈ ಮನುಷ್ಯನಿಗೆ ಎಂದು ಬೈದುಕೊಳ್ಳುತ್ತಿದ್ದೆ.

ನಮ್ಮ ಮನೆಯ ತಟ್ಟೆಗಳ ಕಥೆ ಬೇರೆ. ಸಿದ್ಧಲಿಂಗೇಶನದು ಮದುವೆಯಲ್ಲಿ ಅವನಮ್ಮ ಹೆಸರು ಕೆತ್ತಿಸಿ ಕೊಟ್ಟ ಸ್ಟೀಲಿನ ತಟ್ಟೆ. ಬೇರೆ ತಟ್ಟೆಯಲ್ಲಿ ಅವನು ಉಣ್ಣುವುದಿಲ್ಲ, ಅದರಲ್ಲಿ ಬೇರೆಯವರು ಉಣ್ಣುವಂತಿಲ್ಲ. ಗೀರು ಬಿದ್ದೀತೆಂದು ಅದನ್ನು ಪ್ರವಾಸಕ್ಕೂ ತರಲಿಲ್ಲ. ಬೂಂದಿಗೆ ಮೊಸರನ್ನ, ಬೇಯಿಸಿದ ಕುಂಬಳಕಾಯಿ, ಹಾಲು. ಬರೀ ಅದನ್ನೇ ತಿಂದು ಅವಳು ಮಿಂಚುತ್ತ ದಪ್ಪಗಾಗಿದ್ದಳು. ‘ಶುದ್ಧ ಸಸ್ಯಾಹಾರಿ ನಾಯಿ’ ಎಂದು ಇವನು ಹಾಕಿದ ವಿಡಿಯೊಗಳನ್ನು ನೋಡಿ ಊರಿನ ನೆಂಟರೆಲ್ಲ ಕೈಮುಗಿಯುವ ಚಿಹ್ನೆ ಕಳಿಸುತ್ತಿದ್ದರು. ಸುಮಾರು ಒಂದು ತಿಂಗಳಿಂದ ಮಾತ್ರ ಆ ವಿಡಿಯೊಗಳು ನಿಂತಿದ್ದವು. ಬೂಂದಿ ಮಂಚ ಹತ್ತಿದರೆ ಇವನು ಕಾಲಿನಿಂದ ತಳ್ಳುತ್ತಿದ್ದ. ಆಫೀಸಿನ ಟೆನ್ಷನ್ ಇರಬೇಕು ಎಂದುಕೊಂಡೆ.

ಹೊರಟಿದ್ದು ದಸರಾ ಮುಗಿದ ವಾರದ ಶನಿವಾರ. ಆಯುಧಪೂಜೆಗೆ ಒಡೆದ ಬೂದುಗುಂಬಳ ರಸ್ತೆಯಲ್ಲೇ ಕೊಳೆತು, ಕುಂಕುಮದ ನೀರು ಬಿಟ್ಟುಕೊಂಡು, ನೊಣ ಗುಂಯ್‌ಗುಡುತ್ತಿತ್ತು. ಬಾಳೆಕಂಬ, ಚೆಂಡುಹೂವು ಮೋರಿಯ ಬಾಯಿ ಕಟ್ಟಿದ್ದವು. ನಮ್ಮ ಟ್ರೇಲರಂತೂ ಇಡೀ ಗಲ್ಲಿಗೆ ಅಡ್ಡ ನಿಂತಿತ್ತು. ಮುನಿರಾಜಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಬಂದು ಕಾರಿನ ಗಾಜಿಗೆ ಮುಖ ಇಟ್ಟ.

"ಏನಮ್ಮ, ನಾಯೀನೂ ಕರ್ಕೊಂಡು ಹೊಂಟ್ರಾ?"

"ಹೌದು ಅಂಕಲ್. ಈಗ ನಿಮಗೆ ಸಂತೋಷ ತಾನೆ?" ಎಂದೆ.

ಅವನು ಏನೋ ಹೇಳಲು ಬಾಯಿ ತೆರೆದ. ಸಿದ್ಧಲಿಂಗೇಶ ಗಾಜು ಏರಿಸಿ ಗಾಡಿ ಬಿಟ್ಟೇಬಿಟ್ಟ. ಹಿಂದಿನ ಸೀಟಿನಲ್ಲಿ ಬೂಂದಿ ಬಾಲ ಆಡಿಸಿ ಆಡಿಸಿ ಸೀಟು ಬಡಿಯುತ್ತಿದ್ದಳು. ತನ್ನನ್ನು ಮನೆ ಬಿಡಿಸುತ್ತಿರುವವನಿಗೆ ಬಾಲ ಆಡಿಸುವ ಇದಕ್ಕೆ ಮಾನವಿಲ್ಲವಲ್ಲ ಎಂದು ಅವಳ ಮೇಲೂ ಸಿಟ್ಟು ಬಂತು.

ಆಮೇಲೆ ಗಮನಿಸಿದೆ, ಕೊರಳಲ್ಲಿ ಬೆಲ್ಟಿರಲಿಲ್ಲ. ಅದರ ಬಿಲ್ಲೆಯ ಮೇಲೆ ಅವಳ ಹೆಸರು, ನನ್ನ ಫೋನ್ ನಂಬರು ಇದೆ.

"ವಾಸ್ನೆ ಬರ್ತಿತ್ತು, ಬಿಚ್ಚಿಟ್ಟಿದ್ದೀನಿ. ಅಲ್ಲಿ ಹೋಗಿ ತೊಳೆದು ಹಾಕೋಣ" ಎಂದ.

ಟಿನ್ ಫ್ಯಾಕ್ಟರಿ ಬರುವ ಹೊತ್ತಿಗೆ ಬೂಂದಿ ಜೊಲ್ಲು ಸುರಿಸಿ ಓಕರಿಸತೊಡಗಿದಳು. ಸಿದ್ಧಲಿಂಗೇಶನಿಗೆ ಸೀಟಿನ ಚಿಂತೆ. "ಹಿಂದೆ ಕರ್ಕೊಂಡು ಹೋಗು, ಹಿಂದೆ ಕರ್ಕೊಂಡು ಹೋಗು!" ಎಂದು ಚೀರಿದ. ಚಲಿಸುವಾಗ ಟ್ರೇಲರಿನೊಳಗೆ ಯಾರೂ ಕೂರಬಾರದೆಂದು ಅದರ ಬಾಗಿಲಿಗೇ ಅಂಟಿಸಿದ್ದರು. ಆದರೂ ನಾನು ನಾಯಿಯನ್ನು ಎತ್ತಿಕೊಂಡು ಇಳಿದು, ಬಸ್ಸುಗಳ ನಡುವೆ ನುಸುಳಿ ಟ್ರೇಲರಿಗೆ ಹತ್ತಿದೆ. ತೂಗುಸೇತುವೆ ದಾಟಿ ಕೃಷ್ಣರಾಜಪುರದ ಮಾರ್ಕೆಟ್ಟಿನ ಹತ್ತಿರ ಎಲ್ಲ ಗಾಡಿಗಳೂ ನಿಂತುಬಿಟ್ಟವು. ಒಳಗೆ ಬೆಂಕಿಯಂಥ ಸೆಕೆ. ಕಕ್ಕಸಿನ ಡಬ್ಬಿ ಕುಲುಕಾಡಿ ನಾತ ಏಳುತ್ತಿತ್ತು. ಬೂಂದಿ ನಾಲ್ಕೂ ಕಾಲು ಅಗಲಿಸಿ ನಿಂತು ನನ್ನ ಪಾದದ ಮೇಲೆಯೇ ವಾಂತಿ ಮಾಡಿದಳು.

ಬಗ್ಗಿ ನೋಡಿದೆ. ಮೊಸರನ್ನದ ನಡುವೆ ಮೂಳೆಯ ಚೂರುಗಳು.

ಮೂಗಿಗೆ ದುಪಟ್ಟಾ ಒತ್ತಿಕೊಂಡು ಸಿದ್ಧಲಿಂಗೇಶನಿಗೆ ಫೋನ್ ಮಾಡಿದೆ. "ರೀ, ಬೂಂದಿ ವಾಂತಿ ಮಾಡ್ಕೊಂಡ್ಲು."

"ಮೂಳೆ ಇತ್ತಾ?" ಎಂದ.

ನಾನಿನ್ನೂ ಹೇಳಿಯೇ ಇರಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಅವನು, "ಥೂ ಥೂ, ಒರೆಸು ಬೇಗ" ಎಂದು ಫೋನಿಟ್ಟ. ಹಳೆಯ ಪೇಪರಿನಿಂದ ಬಳಿದು, ಬಿಸಾಡಲು ಸಿಂಕಿನ ಕೆಳಗಿದ್ದ ಕಸದ ಬುಟ್ಟಿ ತೆರೆದೆ. ಬುಟ್ಟಿಯಲ್ಲಿ ಗಂಟು ಹಾಕಿದ ಒಂದು ಕಪ್ಪು ಪ್ಲಾಸ್ಟಿಕ್ ಕವರು ಮಾತ್ರ ಇತ್ತು. ಒಳಗೆ ಏನೋ ಕಿಣಿಕಿಣಿ ಎಂದಿತು. ಬಿಚ್ಚಿದರೆ ಬೂಂದಿಯ ಬೆಲ್ಟು, ಬಿಲ್ಲೆಯ ಸಮೇತ.

ತೊಳೆಯುವ ಬೆಲ್ಟನ್ನು ಯಾರೂ ಗಂಟು ಹಾಕಿ ಕಸಕ್ಕೆ ಎಸೆಯುವುದಿಲ್ಲ. ಇಳಿದು ಹೋಗಿ ಅವನ ಕಿಟಕಿ ಬಡಿದೆ.

"ಇದು ಕಸದ ಬುಟ್ಟೀಲಿ ಯಾಕಿತ್ತು?"

ಅವನು ಸುತ್ತ ನೋಡಿದ. ಯಾರಾದರೂ ಕೇಳಿಸಿಕೊಂಡಾರು ಎಂಬುದೇ ಅವನ ಕಷ್ಟ. "ಸೀನ್ ಮಾಡ್ಬೇಡ. ಹೊಸಕೋಟೆ ಆಚೆ ಢಾಬಾಗಳಿವೆ, ಅಲ್ಲಿ ನಾಯಿಗಳು ಆರಾಮಾಗಿರ್ತವೆ. ಕೆರೆ ಹತ್ರ ಹೋದ್ಮೇಲೆ ನಿಧಾನಕ್ಕೆ ಹೇಳಿ, ವಾಪಸ್ ಬರ್ತಾ ಬಿಡೋಣ ಅಂತಿದ್ದೆ."

"ಬಿಟ್ಟು ಹೋಗೋದಾ? ಬೇರೆ ಮನೆ ನೋಡೋಣ ಅಂದ್ರಲ್ಲ!"

"ಓನರ್ ಕೇಳ್ಬೇಕಲ್ಲ. ನಾನೇನ್ ಮಾಡ್ಲಿ?"

"ಸರಿ, ಬೆಲ್ಟ್ ಯಾಕೆ ಬಿಚ್ಚಿದ್ರಿ?"

"ನಂಬರ್ ಇದ್ರೆ ಫೋನ್ ಮಾಡ್ತಾರಲ್ಲ ಗೌತಮಿ" ಎಂದ, ದಡ್ಡಿಗೆ ಲೆಕ್ಕ ಬಿಡಿಸಿ ಹೇಳುವ ಮೇಷ್ಟ್ರ ಹಾಗೆ.

ಕೊಳೆತ ಕುಂಬಳ, ಕಕ್ಕಸಿನ ಡಬ್ಬಿ, ಪಾದದ ಮೇಲಿನ ವಾಂತಿ, ಯಾವುದೂ ನನಗೆ ಆಗ ಹೇಸಿಗೆ ಅನ್ನಿಸಲಿಲ್ಲ. ಸೆಂಟು ಹಾಕಿಕೊಂಡು, ತಲೆ ಬಾಚಿಕೊಂಡು ಸ್ಟೀರಿಂಗಿನ ಮುಂದೆ ಕುಳಿತಿದ್ದ ಈ ಮನುಷ್ಯನ ಮುಖ ನೋಡಿ ನನಗೆ ವಾಕರಿಕೆ ಬಂತು. ಈ ಮುಖಕ್ಕೆ ನಾನು ಆರು ವರ್ಷ ಕಾಫಿ ಕೊಟ್ಟಿದ್ದೆ.

ಟ್ರೇಲರಿಗೆ ವಾಪಸು ಹೋಗಿ ಬೂಂದಿಯ ಕೊರಳಿಗೆ ಬೆಲ್ಟು ಹಾಕಿದೆ. ಅದಕ್ಕೆ ದುಪಟ್ಟಾ ಕಟ್ಟಿ ಹಿಡಿದು, ರಸ್ತೆ ದಾಟಿ ಎದುರಿನ ಫುಟ್‌ಪಾತ್ ಹತ್ತಿದೆ. ಅಷ್ಟರಲ್ಲಿ ಮುಂದಿನ ಗಾಡಿಗಳು ಸರಿದವು. ಸಿದ್ಧಲಿಂಗೇಶ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. ಹಿಂದಿನ ಬಸ್ಸಿನ ಡ್ರೈವರು ಅವನಿಗಿಂತ ಜೋರಾಗಿ ಕೂಗಿದ. ಆ ಟ್ರೇಲರನ್ನು ಹಿಂದಕ್ಕೆ ಹೊಡೆಯಲು ಇವನಿಗೆ ಬರುವುದಿಲ್ಲ, ತಿರುಗಿಸಲು ಜಾಗವೂ ಇಲ್ಲ. ತನ್ನ ಚಕ್ರದ ಮನೆಯನ್ನು ಎಳೆದುಕೊಂಡು ಹೊಸಕೋಟೆಯ ಕಡೆಗೆ ಹೋಗಲೇಬೇಕಾಯಿತು.

ನಾಯಿ ಕಂಡು ಆಟೋಗಳು ನಿಲ್ಲಿಸಲಿಲ್ಲ. ಕೊನೆಗೊಬ್ಬ ನಿಲ್ಲಿಸಿ, "ಕಚ್ಚಲ್ಲ ತಾನೆ ಮೇಡಂ?" ಎಂದ.

"ಇದು ಕಚ್ಚಲ್ಲ" ಎಂದೆ.

ದಾರಿಯುದ್ದಕ್ಕೂ ನಾನು ಮುನಿರಾಜಪ್ಪನಿಗೆ ಹೇಳಬೇಕಾದ ಮಾತುಗಳನ್ನು ಮಸೆದುಕೊಂಡೆ. ಗೇಟು ತೆರೆದಾಗ ಅವನು ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಬೂಂದಿ ದುಪಟ್ಟಾ ಕಿತ್ತುಕೊಂಡು ಓಡಿ, ಅವನ ಮಡಿಲಿಗೆ ಮುಂಗಾಲಿಟ್ಟು ಅವನ ಮೂಗನ್ನೇ ನೆಕ್ಕಿದಳು.

"ಅಯ್ ಚಿನ್ನಮ್ಮಾ! ಬಂದ್ಬಿಟ್ಯಾ ನನ್ ಚಿನ್ನಮ್ಮಾ!" ಎಂದ ಮುನಿರಾಜಪ್ಪ. ಎಲೆ ಕೆಳಗೆ ಬಿತ್ತು. ಬೂಂದಿ ಅವನನ್ನು ಬಿಟ್ಟು ನೇರ ಮೆಟ್ಟಿಲ ಕೆಳಗೆ ನುಗ್ಗಿ, ಆ ಸೊಟ್ಟ ತಟ್ಟೆಯನ್ನು ಮೂತಿಯಿಂದ ತಳ್ಳಿಕೊಂಡು ಬಂದು ಅವನ ಮುಂದಿಟ್ಟಳು.

ಮೊಸರನ್ನ ತಿಂದು ದಪ್ಪಗಾದ ನಾಯಿ!

"ಅಂಕಲ್, ದೀಪಾವಳಿಯೊಳಗೆ ನಾಯಿ ಇರಬಾರ್ದು ಅಂತ ಹೇಳಿದ್ದು ನೀವೇ ಅಲ್ವಾ?"

"ಯಾರು, ನಾನಾ?" ಅವನು ಎದ್ದು ನಿಂತ. "ನಿಮ್ ಯಜಮಾನ್ರು ಬಂದು, ಗೌತಮೀಗೆ ನಾಯಿ ಸಾಕಾಗೋಗಿದೆ, ಎಲ್ಲಾದ್ರೂ ಬಿಟ್ಬಿಡ್ತೀವಿ ಅಂದ್ರಮ್ಮ. ನಂಗೇ ಕೊಟ್ಬಿಡಿ ಸಾಮಿ, ಕೆಳಗಡೆನೇ ಇರ್ತಾಳೆ ಅಂದೆ. ಬೇಡ ಅಂದ್ಬಿಟ್ರು. ಬೆಳಿಗ್ಗೇನೂ ಅದ್ನೇ ಕೇಳಾಣ ಅಂತ ಬಂದ್ರೆ ಗಾಜು ಹಾಕ್ಬಿಟ್ರು."

"ಬೇಡ ಯಾಕಂತೆ?"

ಅವನು ತಟ್ಟೆಯ ಕಡೆ ನೋಡಿ ತಲೆ ಕೆರೆದುಕೊಂಡ. "ಹೋದ ತಿಂಗ್ಳು ಇವ್ಳು ಮೂಳೆ ಕಡೀತಿದ್ದಾಗ ಅವ್ರು ನೋಡ್ಬಿಟ್ರು. ಮೂಗು ಮುಚ್ಕೊಂಡು ಮೇಲಕ್ಕೋದ್ರು. ಕಣ್ಣೆದುರಿಗೇ ಇದ್ರೆ ಅದೇ ಜ್ಞಾಪಕ ಬತ್ತದೆ ಅಂದ್ರು ಆಮೇಲೆ. ತಪ್ಪು ನಂದೇ ಕಣಮ್ಮ. ನಿಮ್ಮನ್ ಕೇಳ್ದೆ ಹಾಕ್ಬಾರ್ದಾಗಿತ್ತು."

ಅವನು ಒಳಗಿಂದ ಒಂದು ಮೂಳೆ ತಂದು, ಹಾಕಲೇ ಎಂದು ಕಣ್ಣಲ್ಲೇ ಕೇಳಿದ. ನಾನು ಹೂಂ ಎಂದೆ. ಬೂಂದಿ ಅದನ್ನು ಕಟಕಟನೆ ಕಡಿದಳು. ಸುಳ್ಳು ಯಾಕೆ, ನನಗೆ ಈಗಲೂ ಆ ಸದ್ದು ಕೇಳಿದರೆ ಹೊಟ್ಟೆ ತೊಳೆಸುತ್ತದೆ. ಆದರೆ ಹೇಸಿಗೆಯಾದರೆ ಮೂಗು ಮುಚ್ಚಿಕೊಳ್ಳಬಹುದು, ಮುಖ ಆಚೆ ತಿರುಗಿಸಬಹುದು, ಎದುರಿಗೇ ಬೈಯಬಹುದು. ಅದಕ್ಕಾಗಿ ಇನ್ನೊಬ್ಬನ ಹೆಸರು ಕೆಡಿಸಿ, ಮಡಿಲಲ್ಲಿ ಬೆಳೆದ ಜೀವವನ್ನು ಲಾರಿಗಳ ಮಧ್ಯೆ ಎಸೆದು ಬರುವುದು ಬೇರೆ. ನನ್ನ ಹೆಸರನ್ನೂ ಕೆಡಿಸಿದ್ದ, ನನಗೆ ನಾಯಿ ಸಾಕಾಗಿದೆಯಂತೆ.

ಬೂಂದಿ ತಿಂದು ಮುಗಿಸಿದ ಮೇಲೆ ಆ ತಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಒಯ್ದೆ. "ಅಯ್ಯೋ, ಇಲ್ಲೇ ನಲ್ಲೀಲಿ ತೊಳೀತೀನಿ ಬಿಡಮ್ಮ" ಎಂದು ಮುನಿರಾಜಪ್ಪ ಹಿಂದಿನಿಂದ ಹೇಳುತ್ತಲೇ ಇದ್ದ. ನಮ್ಮ ಅಡುಗೆಮನೆಯ ಸಿಂಕಿನಲ್ಲಿಟ್ಟು, ಕಣ್ಣು ಮುಚ್ಚಿಕೊಂಡು, ಓಕರಿಸುತ್ತಲೇ ಉಜ್ಜಿದೆ. ಜಿಡ್ಡು ಬಿಡುವವರೆಗೂ ಉಜ್ಜಿ, ತಟ್ಟೆಗಳ ಸ್ಟ್ಯಾಂಡಿನಲ್ಲಿ ಖಾಲಿ ಮಾಡಿದ ಜಾಗದಲ್ಲಿ ನಿಲ್ಲಿಸಿದೆ.

ಸಂಜೆ ಸಿದ್ಧಲಿಂಗೇಶ ಬಂದ. ಹೊಸಕೋಟೆಯ ತಿರುವಿನಲ್ಲಿ ಕಕ್ಕಸಿನ ಡಬ್ಬಿ ಮಗುಚಿತ್ತಂತೆ, ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಮೈಯೆಲ್ಲ ನಾತ. ಬೂಂದಿ ಸೋಫಾದಿಂದ ತಲೆ ಎತ್ತಿ ಒಮ್ಮೆ ಮೂಸಿ ನೋಡಿ, ಮತ್ತೆ ಮಲಗಿಕೊಂಡಳು. ಇವನು ಸ್ನಾನ ಮಾಡಿ, ಏನೂ ಆಗದವನಂತೆ ಊಟಕ್ಕೆ ಬಂದ. ಅಭ್ಯಾಸಬಲದಿಂದ ಸ್ಟ್ಯಾಂಡಿಗೆ ಕೈ ಹಾಕಿದವನು ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ.

"ಥೂ! ಇದ್ಯಾಕೆ ಇಲ್ಲಿದೆ? ನನ್ ತಟ್ಟೆ ಎಲ್ಲಿ?"

"ಮೆಟ್ಟಿಲ ಕೆಳಗಿಟ್ಟಿದ್ದೀನಿ" ಎಂದೆ. "ನಿನ್ನ ಹೆಸರು ಮೇಲೆ ಕಾಣೋ ಹಾಗೇ ಇಟ್ಟಿದ್ದೀನಿ. ಹೋಗಿ ಅಲ್ಲೇ ಊಟ ಮಾಡು."