ತಟ್ಟೆಯಲ್ಲಿ ಉಳಿದದ್ದು

ಗಂಡನ ಹೆಣಕ್ಕೆ ತೊಡಿಸಿದ ಅಂಗಿಯ ಮೂರನೆಯ ಗುಂಡಿ ಹಾಕುತ್ತಿದ್ದಾಗ ಬಾಗಿಲಲ್ಲಿ ಆಸ್ಪತ್ರೆಯ ಮ್ಯಾನೇಜರು ಕೆಮ್ಮಿದ. ಗುಂಡಿಗಳೆಲ್ಲ ಪ್ಲಾಸ್ಟಿಕ್ಕಿನವು, ಅವಳೇ ಹೊಲಿದದ್ದು. ಪ್ಯಾಂಟಿನ ಜಿಪ್ಪು ಕಿತ್ತು ಲಾಡಿ ಹಾಕಿದವಳೂ ಅವಳೇ. ಎಂ.ಆರ್.ಐ. ಸ್ಕ್ಯಾನಿಂಗ್ ಕೋಣೆಯ ಬಾಗಿಲು ಕಾಯುತ್ತಿದ್ದವನ ಮೈಮೇಲೆ ಹನ್ನೊಂದು ವರ್ಷ ಗುಂಡುಸೂಜಿಯಷ್ಟು ಕಬ್ಬಿಣವೂ ಇರಲಿಲ್ಲ.

ಮ್ಯಾನೇಜರು ತಂದ ಕಾಗದದ ಪ್ರಕಾರ, ಮೃತರು ತಾವೇ ಮೈಮರೆತು ಆಕ್ಸಿಜನ್ ಸಿಲಿಂಡರನ್ನು ಒಳಗೆ ಒಯ್ದಿದ್ದರು.

"ಒಂದು ಸಹಿ ಅಷ್ಟೇ, ತಾಯಿ. ಹೋದವರಿಗೆ ಇದ್ರಿಂದ ಏನೂ ಆಗಲ್ಲ."

ಸಹಿ ಮಾಡಿ ಮುಗಿಸಮ್ಮ ಎಂದು ಭಾವ ಪಿಸುಗುಟ್ಟಿದರು. ಅವರಿಗೆ ಬಿಸಿಲೇರುವುದರೊಳಗೆ ಎಲ್ಲ ಮುಗಿಯಬೇಕಿತ್ತು.

ಮೂಲೆಯಲ್ಲಿ ಕೂತಿದ್ದ ಹೊಸ ನರ್ಸು ಎದ್ದು ನಿಂತಳು. "ತಂದಿದ್ದು ನಾನು, ಅಕ್ಕ. ರೋಗಿಗೆ ಉಸಿರು ಕಟ್ತು, ಓಡಿದೆ. ಸದ್ದು ನಿಂತಿತ್ತು, ಮಿಷನ್ ಆಫ್ ಆಗಿದೆ ಅಂದ್ಕೊಂಡೆ. ಅದ್ರ ತರಬೇತಿ ಮುಂದಿನ ವಾರ ಕೊಡ್ತೀವಿ ಅಂತ ಈ ಸಾರೇ ಅಂದಿದ್ರು."

ಮಿಷನ್ನಿನ ಅಯಸ್ಕಾಂತದ ಸೆಳೆತಕ್ಕೆ ಸಿಲಿಂಡರು ಅವಳ ಕೈಯಿಂದ ಕಿತ್ತುಕೊಂಡು ಹಾರಿತ್ತು. ಗಂಡ ರೋಗಿಗೆ ಅಡ್ಡ ನಿಂತಿದ್ದ. ರೋಗಿ ಬದುಕಿದ.

*

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಮನೆಗೆ ಬಂದವರನ್ನೂ ಬಿಡುತ್ತಿರಲಿಲ್ಲ. ಆಸ್ಪತ್ರೆಯಿಂದ ತಂದ ಹಳೆಯ ನೀಲಿ ಪ್ಲಾಸ್ಟಿಕ್ ತಟ್ಟೆಯೊಂದನ್ನು ಹಿಡಿದು, ಕೀಲಿಕೈ, ಗಡಿಯಾರ, ಚಿಲ್ಲರೆ ಎಲ್ಲ ಇಡಿಸಿಕೊಂಡೇ ಒಳಗೆ ಬಿಡುತ್ತಿದ್ದ. ಅಭ್ಯಾಸವಂತೆ.

"ಅಯಸ್ಕಾಂತಕ್ಕೆ ನಿದ್ದೆ ಅನ್ನೋದೇ ಇಲ್ಲ ಕಣೆ," ಎನ್ನುತ್ತಿದ್ದ. "ಸದ್ದು ನಿಂತ್ರೆ ಮಲ್ಗಿದೆ ಅಂದ್ಕೋಬಾರ್ದು. ಥೇಟ್ ನಿಮ್ಮಮ್ಮ."

*

ಅವಳು ಎದ್ದು ಹೋಗಿ ಆ ನೀಲಿ ತಟ್ಟೆಯನ್ನು ತಂದು ಹೊಸ್ತಿಲ ಮೇಲಿಟ್ಟಳು.

ನರ್ಸು ಮುಡಿಯ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಹೊರಗೆ ನಿಂತಿದ್ದ ಸ್ಕ್ಯಾನಿಂಗ್ ವಿಭಾಗದವರು ಸಾಲಾಗಿ ಬಂದು ಬೆಲ್ಟು ಬಿಚ್ಚಿದರು, ಗಡಿಯಾರ ಕಳಚಿದರು, ಒಳಗೆ ಹೋಗಿ ಕೈಮುಗಿದರು. ಭಾವನೂ ಬೈಕಿನ ಕೀಲಿಯನ್ನು ತಟ್ಟೆಗೆ ಹಾಕಿದರು.

"ನಾನು ಇಲ್ಲೇ ಇರ್ತೀನಿ ಬಿಡಿ," ಎಂದ ಮ್ಯಾನೇಜರು.

"ಬನ್ನಿ. ಮೈಮರೆತಿದ್ರು ಅಂತ ಬರ್ದಿದ್ದೀರಲ್ಲ, ಅವ್ರ ಮುಂದೆ ಓದಿ. ಆಮೇಲೆ ಸಹಿ ಹಾಕ್ತೀನಿ."

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಫೋನು ಇಟ್ಟ, ಕಾರಿನ ಕೀಲಿ ಇಟ್ಟ, ಜೇಬಿನ ಉಕ್ಕಿನ ಪೆನ್ನನ್ನೂ ಇಟ್ಟ. ಒಂದು ಕಾಲು ಒಳಗಿಟ್ಟವನು ಆ ಪ್ಲಾಸ್ಟಿಕ್ ಗುಂಡಿಗಳನ್ನು ನೋಡಿದ. ಕಾಗದವನ್ನು ನಾಲ್ಕಾಗಿ ಮಡಿಸಿಕೊಂಡು ಹಿಂದೆ ಸರಿದ.

ಹೆಣ ಎತ್ತುವಾಗ ಎಲ್ಲರೂ ತಂತಮ್ಮ ವಸ್ತು ಆರಿಸಿಕೊಂಡರು. ತಟ್ಟೆಯಲ್ಲಿ ಉಳಿದದ್ದು ಮುಚ್ಚಳ ತೆಗೆಯದ ಒಂದು ಉಕ್ಕಿನ ಪೆನ್ನು.