ಯಾರದೋ ಮುಖ

ಮಹದೇವಸ್ವಾಮಿ ಊಟಿ ಮಾರ್ಕೆಟ್ಟಿನಲ್ಲಿ ಕ್ಯಾರೆಟ್ಟು, ಆಲೂಗಡ್ಡೆಯ ಮಂಡಿ ಇಟ್ಟವನು. ಅಪ್ಪನ ಕಾಲಕ್ಕೇ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದ ಮನೆತನ. ತೂಕದಲ್ಲಿ ಮೋಸವಿಲ್ಲ, ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು, ಸಿನಿಮಾ ಗೊಂಬೆಗಳದು. ಗೊಂಬೆ ಅಂದರೆ ಸಾಕು, ಅವನಿಗೆ ಮೈಯೆಲ್ಲ ಉರಿ. "ಗೊಂಬೆ ಅಲ್ವೇ, ಫಿಗರ್!" ಎಂದು ಹೆಂಡತಿ ಶಾಂತಲಾಳನ್ನು ತಿದ್ದುತ್ತಿದ್ದ. "ಆಯ್ತು ಬಿಡಿ, ಫಿಗರ್ ಗೊಂಬೆ," ಅನ್ನುತ್ತಿದ್ದಳು ಆಕೆ.

ಒಂದಡಿ ಎತ್ತರದ ಆ ಫಿಗರುಗಳು ಹಾಂಕಾಂಗಿನಿಂದ ಬರಬೇಕು. ಬಟ್ಟೆಯ ಹೊಲಿಗೆ, ಬೂಟಿನ ದಾರ, ಕಣ್ಣಿನ ಹೊಳಪು ಎಲ್ಲವೂ ಸಿನಿಮಾದಲ್ಲಿದ್ದ ಹಾಗೇ ಇರುತ್ತವೆ. ಇವನಿಗೆ ಬೇಕಾಗಿದ್ದವನು ಒಬ್ಬ ಬಾಹ್ಯಾಕಾಶ ಯೋಧ, ಹರೆಯದಲ್ಲಿ ಊಟಿಯ ಟಾಕೀಸಿನಲ್ಲಿ ಮತ್ತೆ ಮತ್ತೆ ನೋಡಿದ್ದ ವಿದೇಶಿ ಸಿನಿಮಾದ ನಾಯಕ. ಆದರೆ ಕಂಪನಿಗೆ ಉಡುಪಿನ ಲೈಸೆನ್ಸ್ ಸಿಕ್ಕಿತ್ತೇ ಹೊರತು ನಟನ ಮುಖದ್ದು ಸಿಕ್ಕಿರಲಿಲ್ಲ. ಯಾರದೋ ಮುಖ ಕೂರಿಸಿ ಕಳಿಸಿಬಿಟ್ಟರು. ಎರಡನೆಯ ವರ್ಷನ್ನಿಗೆ ಆ ತಲೆನೋವೇ ಬೇಡವೆಂದು ತೆಗೆಯಲಾಗದ ಹೆಲ್ಮೆಟ್ ಅಂಟಿಸಿದರು. ಎರಡನ್ನೂ ಕೊಂಡ, ಎರಡನ್ನೂ ಶಪಿಸಿದ. ಊಟಿಯ ಚೇರಿಂಗ್ ಕ್ರಾಸಿನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ತನ್ನಂಥ ಹುಚ್ಚರ ಜೊತೆ ಗೋಳು ತೋಡಿಕೊಂಡ. ಮನೆಗೆ ಬಂದರೂ ಅದೇ ಪುರಾಣ.

"ಯಾರದೋ ಮುಖ ಅಂಟಿಸಿ ಇವನೇ ಅವನು ಅಂದ್ರೆ ಒಪ್ಕೋಬೇಕಾ? ನಮಗೇನು ಕಣ್ಣಿಲ್ವಾ?"

ಒಲೆಯ ಪಕ್ಕ ಬೆಳ್ಳುಳ್ಳಿ ಸುಲಿಯುತ್ತ ತಾಯಿ ಬಂಗಾರಮ್ಮ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಎದುರು ಗೋಡೆಯಲ್ಲಿ ಗಂಡ ಸಿದ್ದಯ್ಯನ ಪಟ. ಅವನ ಪಟ ಅನ್ನುವುದು ಮಾತಿಗಷ್ಟೇ. ಸಿದ್ದಯ್ಯ ಸತ್ತಾಗ ಮನೆಯಲ್ಲಿ ಅವನದೊಂದೂ ಫೋಟೊ ಇರಲಿಲ್ಲ. ಪೂಜೆಗೆ ಪಟ ಬೇಡವೇ? ಆಗಿನ ರೂಢಿಯಂತೆ ಸ್ಟುಡಿಯೋದವನು ಸಿದ್ದಯ್ಯನ ತಮ್ಮನನ್ನೇ ಕೂರಿಸಿ ಫೋಟೊ ಹೊಡೆದು, ಅದರ ಮೇಲೆ ದಪ್ಪ ಮೀಸೆ, ಪೇಟ ಬರೆದುಕೊಟ್ಟಿದ್ದ. ಮಹದೇವಸ್ವಾಮಿ ಆಗ ತೊಟ್ಟಿಲ ಕೂಸು. ಬುದ್ಧಿ ಬಂದಾಗಿನಿಂದ ಅವನು ಕೈಮುಗಿದದ್ದು ಆ ಮೀಸೆಗೇ.

ನಿಜವಾದ ಸಿದ್ದಯ್ಯನ ಫೋಟೊ ಒಂದೇ ಒಂದು ಉಳಿದಿತ್ತು. ಅದಿದ್ದದ್ದು ಇತ್ತಲಾರಿನಲ್ಲಿ, ಧರ್ಮಲಿಂಗಂ ಎಂಬ, ಬೆಟ್ಟದ ಬಡಗ ಜನಾಂಗದ ರೈತರ ಮನೆಯಲ್ಲಿ. ಅವರ ಹೊಲದ ಆಲೂಗಡ್ಡೆ ಲಾರಿಗೆ ತುಂಬುವಾಗ ಯಾರೋ ತೆಗೆದದ್ದು. "ಹೋಗಿ ಇಸ್ಕೊಂಡ್ ಬಾ ಮಗ, ನನ್ ಕಣ್ಣು ಮಂಜಾಯ್ತಾ ಅದ," ಎಂದು ಬಂಗಾರಮ್ಮ ಕೇಳುತ್ತಲೇ ಇದ್ದಳು. "ತರ್ತೀನಿ ಅವ್ವ, ಸೀಸನ್ ಮುಗೀಲಿ," ಅನ್ನುತ್ತಲೇ ಇದ್ದ ಇವನು. ಸೀಸನ್ ಮುಗಿಯುತ್ತಿತ್ತು, ಇನ್ನೊಂದು ಬರುತ್ತಿತ್ತು. ಇತ್ತಲಾರೇನು ಕಾಶಿಯೇ? ಬಸ್ಸು ಹತ್ತಿದರೆ ಊಟದ ಹೊತ್ತಿಗೆ ವಾಪಸು ಬರಬಹುದಾದ ಊರು.

ಎರಡು ಸಾವಿರದ ಏಳರಲ್ಲಿ ಆ ನಟ ಕೊನೆಗೂ ಒಪ್ಪಿದ. ನಿಜವಾದ ಮುಖದ ವರ್ಷನ್ ಬಂತು. ಅದರಲ್ಲೂ ಎರಡು ಬಗೆ. ಒಂದು ನುಣ್ಣಗಿನ ಮುಖದ್ದು, ಇನ್ನೊಂದು ಕೊನೆಯ ಕಾಳಗದಲ್ಲಿ ಕೆನ್ನೆಗೆ ಗಾಯವಾಗಿ ಮಣ್ಣು ಮೆತ್ತಿದ್ದು. ವಾರಗಟ್ಟಲೆ ನಿದ್ದೆಗೆಟ್ಟು ಗಾಯದ್ದನ್ನೇ ಆರಿಸಿದ. ಪೆಟ್ಟಿಗೆ ಚೆನ್ನೈ ಕಸ್ಟಮ್ಸಿನಲ್ಲಿ ಸಿಕ್ಕಿಹಾಕಿಕೊಂಡಾಗ, ತುಂಬು ಸೀಸನ್ನಿನಲ್ಲೇ ಮಂಡಿಗೆ ಬೀಗ ಹಾಕಿ ಹೋಗಿ ಬಿಡಿಸಿಕೊಂಡು ಬಂದ.

ಆ ಭಾನುವಾರ ಕೂನೂರಿನಿಂದ ಸರವಣನ್ ಬರುವವನಿದ್ದ. ಅವನೂ ಇದೇ ಹುಚ್ಚಿನವನು. ಯೋಧನನ್ನು ಮೇಜಿನ ಮೇಲೆ ನಿಲ್ಲಿಸಿ, ಮಹದೇವಸ್ವಾಮಿ ಗೆಳೆಯನನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದ. ಇಬ್ಬರೂ ಬಂದು ನೋಡುತ್ತಾರೆ, ಯೋಧನ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ! ತಲೆಯ ಮೇಲೊಂದು ಸೇವಂತಿಗೆ ಹೂವು. ಕೆನ್ನೆಯ ಮಣ್ಣನ್ನು ಒದ್ದೆ ಸೆರಗಿನಿಂದ ತಿಕ್ಕಿ, ಗಾಯದ ಮೇಲೂ ಒಂದಿಷ್ಟು ವಿಭೂತಿ ಒತ್ತಿದ್ದಳು ಅವ್ವ. ಬಣ್ಣವೆಲ್ಲ ಕಲಸಿಹೋಗಿತ್ತು.

"ಯಾರು ಮುಟ್ಟು ಅಂದ್ರು ನಿಂಗೆ?" ಮಹದೇವಸ್ವಾಮಿ ಕಿರುಚಿದ ಕಿರುಚಿಗೆ ಬೀದಿಯವರು ಇಣುಕಿದರು. "ಕಂಡಕಂಡದ್ದಕ್ಕೆಲ್ಲ ಬೂದಿ ಬಳಿಯೋ ಗೊಡ್ಡು ಮುದುಕಿ! ಈ ಮುಖಕ್ಕೋಸ್ಕರ ನಾನು ಎಷ್ಟು ವರ್ಷ ಕಾದಿದ್ದೀನಿ ಗೊತ್ತಾ?"

ಬಂಗಾರಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಹೊಸ್ದಾಗಿ ಮನೆಗೆ ಬಂದದ್ದಲ್ವಾ ಮಗ. ಫ್ರಿಜ್ಜಿಗೂ ಹಚ್ಚಿದ್ದೆ, ನಿನ್ ಸ್ಕೂಟ್ರಿಗೂ ಹಚ್ಚಿದ್ದೆ. ಕೆನ್ನೆ ಗಾಯ ನೋಡಿ, ಪಾಪ, ಯಾರ್ ಹೆತ್ತ ಮಗನೋ ಅನ್ನಿಸ್ತು." ಆಮೇಲೆ ಗೋಡೆಯ ಕಡೆ ನೋಡಿದಳು. "ಮುಖಕ್ಕೆ ಕಾಯೋದು ನಂಗೊತ್ತಿಲ್ವಾ? ಮೈದುನನ್ ಮುಖಕ್ಕೆ ವಿಭೂತಿ ಹಚ್ಚಿ, ಗಂಡ ಅಂತ ಕೈಮುಕ್ಕೊಂಡೇ ಬಂದಿವ್ನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸರವಣನ್ ಬಾಗಿಲ ಕಡೆ ತಿರುಗಿ, "ನಾನು ಬರ್ತೀನಣ್ಣ," ಎಂದು ಚಪ್ಪಲಿ ಮೆಟ್ಟಿದ. ಶಾಂತಲಾ ಗಂಡನ ಮುಖ ನೋಡದೆ ಒಳಗೆ ಹೋದಳು. ಛೀ, ಇದೇ ನಾಲಿಗೆಯೇ ಅವ್ವನನ್ನು ಹಾಗಂದದ್ದು ಎಂದು ಅವನಿಗೆ ನೆಲದೊಳಗೆ ಹೂತುಹೋಗುವಷ್ಟು ನಾಚಿಕೆಯಾಯಿತು.

ಮರುದಿನ ಬೆಳಗಿನ ಬಸ್ಸಿಗೇ ಇತ್ತಲಾರಿಗೆ ಹೋದ. ಧರ್ಮಲಿಂಗಂ ತೋಟಕ್ಕೆ ಹೋಗಿದ್ದರು. ಅವರ ಹೆಂಡತಿ ಚಿನ್ನಮ್ಮಾಳ್ ಅವನು ಯಾರು, ಏನೆಂದು ವಿಚಾರಿಸಿ, ಒಳಗಿನಿಂದ ಫೋಟೊ ತಂದು ಕೈಗಿಟ್ಟಳು. ಅದನ್ನು ಆಗಲೇ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

"ನಾನು ಬರ್ತೀನಿ ಅಂತ ಗೊತ್ತಿತ್ತಾ?" ಎಂದು ಕೇಳಿದ.

"ಹೋದ ವರ್ಷ ನಿಮ್ಮವ್ವ ಬಂದಿದ್ರಲ್ಲ ತಂಬಿ, ಬಸ್ಸಲ್ಲಿ ಒಬ್ರೇ," ಎಂದಳು ಚಿನ್ನಮ್ಮಾಳ್. ಅವಳ ಬಡಗ ಮಾತು ಇವನ ಕನ್ನಡಕ್ಕೇನೂ ದೂರವಿರಲಿಲ್ಲ. "ಇದನ್ನು ಮಡಿಲಲ್ಲಿಟ್ಕೊಂಡು ಬಹಳ ಹೊತ್ತು ಕೂತಿದ್ರು. ಎತ್ಕೊಂಡು ಹೋಗಿ ಅಂದೆ. ಬೇಡ, ಮಗ ತರ್ತೀನಿ ಅಂದಿದ್ದಾನೆ, ನಾನೇ ತಗೊಂಡು ಹೋದ್ರೆ ಅವನಿಗೆ ನಾಚಿಕೆಯಾಗುತ್ತೆ, ಅಂದ್ರು."

ಬಸ್ಸಿನಲ್ಲಿ ಬಟ್ಟೆ ಬಿಚ್ಚಿ ನೋಡಿದ. ಮೀಸೆಯಿಲ್ಲ, ಪೇಟವಿಲ್ಲ. ಬಡಕಲು ಆಳು, ಆಲೂಗಡ್ಡೆ ಮೂಟೆಯ ಮೇಲೆ ಕಾಲಿಟ್ಟು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ. ಅಗಲಕ್ಕೆ ಚಾಚಿದ ಕಿವಿಗಳು ಥೇಟ್ ತನ್ನವೇ. ಎಲ್ಲೋ ಇದ್ದ ನಟನ ಮುಖ ತಪ್ಪಾಯಿತೆಂದು ಕೆಂಡ ಕಾರಿದವನಿಗೆ, ತನ್ನಪ್ಪನಿಗೆ ಮೀಸೆ ಇರಲಿಲ್ಲ ಅನ್ನುವುದು ಆವತ್ತು ಗೊತ್ತಾಯಿತು. ಪಕ್ಕದ ಸೀಟಿನವರಿಗೆ ಕಾಣದಂತೆ ಕಿಟಕಿಯ ಕಡೆ ತಿರುಗಿ ಅತ್ತ.

ಮನೆಗೆ ಬಂದವನೇ ದೊಡ್ಡ ಮೀಸೆಯ ಪಟ ಇಳಿಸಿ ಆ ಜಾಗಕ್ಕೆ ಇದನ್ನು ತೂಗುಹಾಕಿದ. ಬಂಗಾರಮ್ಮ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು. ಸರಸರನೆ ಒಳಗೆ ಹೋಗಿ ವಿಭೂತಿ ಗಟ್ಟಿ ತಂದಳು. ಬೆರಳು ಒದ್ದೆ ಮಾಡಿ, ತೇದು, ಕೈಯನ್ನು ಗಂಡನ ಹಣೆಯವರೆಗೆ ಒಯ್ದವಳು ಅಲ್ಲೇ ನಿಲ್ಲಿಸಿ, ಅಂಜುತ್ತ ಮಗನ ಕಡೆ ತಿರುಗಿದಳು.

"ಇದ್ಕೆ ಹಚ್ಬೋದಾ ಮಗ?"